ಮಾಮಾ, ಒಂದು ದಾಡಿ ಬ್ರಷ್ ಬೇಕಿತ್ತು

ಕೊಂಡಾಪುರ, ಹೈದರಾಬಾದ್
9 ನವೆಂಬರ್ 2024

ಪ್ರೀತಿಯ ಹಂಪಯ್ಯ ಮಾಮಾ,

ಗಂಗಾಬಾಯಿ ಅತ್ತೆ ಕಳಿಸಿದ ಕರ್ಚಿಕಾಯಿ ಬಂದ ದಿನವೇ ಅರ್ಧ ಡಬ್ಬಿ ಖಾಲಿಯಾಯಿತು. ದೀಪಾವಳಿಗೆ ಲಿಂಗಸುಗೂರಿಗೆ ಬರಬೇಕೆಂದೇ ಇದ್ದೆ. ಆದರೆ ಇಲ್ಲಿ ಡೆಂಗಿ ಜ್ವರ ಜೋರಾಗಿದೆ. ಗಚ್ಚಿಬೌಲಿಯ ಅರ್ಧ ಜನರ ರಕ್ತ ನಮ್ಮ ಲ್ಯಾಬಿನಲ್ಲೇ ಇದೆಯೇನೋ ಅನ್ನಿಸುತ್ತದೆ. ರಜೆಯ ಮಾತೆತ್ತಲೂ ಆಗಲಿಲ್ಲ.

ಈಗ ಒಂದು ವಿಷಯ ಕೇಳಬೇಕು. ಫೋನಿನಲ್ಲಿ ಕೇಳಬಹುದಿತ್ತು. ಆದರೆ ಕಿವಿ ಮಂದವಾದ ಮೇಲೆ ನೀವು ಕೊಡುವ ಉತ್ತರ ಬಸ್‌ಸ್ಟ್ಯಾಂಡಿನವರೆಗೂ ಕೇಳುತ್ತದೆ. ವಾಟ್ಸಾಪಿನಲ್ಲಿ ಬರೆದರೆ ಮನೆಯವರೆಲ್ಲ ಓದಿದ ಮೇಲೆ ನಿಮ್ಮ ಕೈಗೆ ಬರುತ್ತದೆ. ಈ ಊರಿನ ಶಾಲೆಯಲ್ಲಿ ಕನ್ನಡ ಇರಲಿಲ್ಲವೆಂದು ನೀವು ಅಂಚೆಯಲ್ಲೇ ನನಗೆ ಅಕ್ಷರ ಕಲಿಸಿದಿರಿ. ಹಾಗಾಗಿ ನಿಮಗೆ ಏನಾದರೂ ಹೇಳಬೇಕೆಂದರೆ ನನಗೆ ಈಗಲೂ ಕಾಗದವೇ ನೆನಪಾಗುತ್ತದೆ.

ಲ್ಯಾಬಿನಲ್ಲಿ ನನ್ನ ಜೊತೆ ಕೆಲಸ ಮಾಡುವವರೊಬ್ಬರಿದ್ದಾರೆ. ಅವರು ದಿನಾ ದಡಿ ಮಾಡಿಕೊಳ್ಳಲೇಬೇಕು. ಇಷ್ಟು ದಿನ ಮೈಸೋಪು ತಿಕ್ಕಿ, ಬಳಸಿ ಎಸೆಯುವ ರೇಜರಿನಿಂದ ಕೆರೆದುಕೊಳ್ಳುತ್ತಿದ್ದರು. ಗದ್ದದ ತುಂಬ ಕೆಂಪು ಗುಳ್ಳೆ. ಮೇಲೆ ದಿನವಿಡೀ ಮಾಸ್ಕ್ ಹಾಕುವ ಕೆಲಸ. ಅದು ತಿಕ್ಕಿ ತಿಕ್ಕಿ ಇನ್ನಷ್ಟು ಉರಿ. ಬ್ರಷ್ಷಿನಿಂದ ಚೆನ್ನಾಗಿ ನೊರೆ ಹಚ್ಚಿ ನಿಧಾನವಾಗಿ ಮಾಡಿಕೊಂಡರೆ ಈ ತೊಂದರೆ ಕಡಿಮೆಯಾಗುತ್ತದೆ ಎಂದು ಚರ್ಮದ ಡಾಕ್ಟರು ಹೇಳಿದ್ದಾರಂತೆ. ಅಪ್ಪ ಮಷಿನ್ ಬಳಸುತ್ತಾರೆ, ಅವರನ್ನು ಕೇಳಿ ಪ್ರಯೋಜನವಿಲ್ಲ. ನಮ್ಮ ಬಳಗದಲ್ಲಿ ಬ್ರಷ್ ಬಳಸುವವರು ನೀವೊಬ್ಬರೇ. ಡ್ರಾಯಿಂಗ್ ಮಾಸ್ತರರಾಗಿ ಕೈಯಲ್ಲಿ ಬ್ರಷ್ ಹಿಡಿದೇ ಬಾಳಿದವರು.

ಅವರ ಪರವಾಗಿ ನಾನೇ ಒಂದು ಅಂಗಡಿಗೆ ಹೋಗಿದ್ದೆ. ಗಾಜಿನ ಕಪಾಟಿನಲ್ಲಿ ಸಾಲಾಗಿ ಬ್ರಷ್ಷುಗಳು: ಕಪ್ಪು ಕೂದಲಿನವು, ಬಿಳಿ ತುದಿಯವು, ಮರದ ಹಿಡಿಯವು. ಯಾವುದರಲ್ಲಿ ಏನು ಒಳ್ಳೆಯದು ಎಂದೇ ತಿಳಿಯಲಿಲ್ಲ. ಅಂಗಡಿಯವನು “ಎವರಿಕಮ್ಮಾ, ನಾನ್ನಗಾರಿಕಾ?” ಎಂದ. ಯಾರಿಗೆ, ಅಪ್ಪನಿಗಾ ಎಂದು. ಹೌದೆಂದು ತಲೆಯಾಡಿಸಿ, ಏನೂ ಕೊಳ್ಳದೆ ಹೊರಗೆ ಬಂದುಬಿಟ್ಟೆ. ಹೊಸಬರಿಗೆ ಎಂಥ ಬ್ರಷ್ ಒಳ್ಳೆಯದು, ಬರೆಯಿರಿ.

ಅಮ್ಮ ಇನ್ನೊಂದು ಫೋಟೊ ತಂದಿಟ್ಟಿದ್ದಾಳೆ. ಬಸವಕಿರಣ ಎಂದು ಹೆಸರು. ಸಿಂಧನೂರಿನ ಕಡೆಯವರು, ಮಾದಾಪುರದಲ್ಲಿ ಬ್ಯಾಂಕಿನ ಕೆಲಸ. ಈಗಲೇ ಬೇಡ ಎಂದಿದ್ದೇನೆ. ನಿಮಗೆ ಫೋನ್ ಮಾಡಿದರೆ ನನ್ನ ಪರವಾಗಿ ನಾಲ್ಕು ಮಾತು ಹೇಳಿ.

ನಿಮ್ಮ
ಲಹರಿ

*

ಲಿಂಗಸುಗೂರು
17 ನವೆಂಬರ್ 2024

ನಮ್ಮ ಮನೆಯ ಮುದ್ದು ಲಹರಿಗೆ,

ನಿನ್ನ ಕಾಗದ ಓದಿ ಖುಷಿಯಾಯಿತು. ‘ದಾಡಿ’ ಎಂಬಲ್ಲಿ ದೀರ್ಘ ಮರೆತಿದ್ದೀಯ, ಕೆಂಪು ಶಾಯಿಯಿಂದ ತಿದ್ದಿ ಇಟ್ಟುಕೊಂಡಿದ್ದೇನೆ.

ಬ್ರಷ್ಷಿನ ಮಾತು ಆಮೇಲೆ. ಮೊದಲು ನಿನ್ನ ವ್ಯಾಕರಣದ ಮಾತು. ಕಾಗದದ ತುಂಬ ‘ಅವರು’, ‘ಅವರಿಗೆ’, ‘ಅವರ ಪರವಾಗಿ’! ಜೊತೆಯ ಹುಡುಗರನ್ನೆಲ್ಲ ‘ಅವನು’, ‘ಇವನು’ ಎನ್ನುವವಳು ನೀನು. ಒಬ್ಬನಿಗೆ ಮಾತ್ರ ಇಷ್ಟು ಮರ್ಯಾದೆ ಯಾಕೆ? ಅವನ ಗದ್ದದ ಗುಳ್ಳೆಯ ಚಿಂತೆ ನಿನಗೇಕೆ? ಅವನಿಗಾಗಿ ಅಂಗಡಿಗೆ ಹೋದವಳೂ ನೀನೇ. ಅತ್ತ ಬಸವಕಿರಣ ಬೇಡ ಎನ್ನುತ್ತೀಯ. ಮಾಮಾನಿಗೆ ಕಿವಿ ಮಂದ, ಬುದ್ಧಿ ಮಂದವಲ್ಲ. ಹೆಸರು ಬರೆ. ನಿನ್ನಮ್ಮ ಶಿವದೇವಿಗೆ ನಾನಾಗಿ ಏನೂ ಹೇಳುವುದಿಲ್ಲ.

ಇನ್ನು ಬ್ರಷ್. ಚಿತ್ರದ ಬ್ರಷ್ಷಿನ ಹಾಗೆಯೇ ಇಲ್ಲೂ ಎಲ್ಲ ಕೂದಲಿನಲ್ಲಿದೆ. ಹಂದಿಯ ಕೂದಲಿನದು ಬಿರುಸು. ನಾನು ಬಳಸುವುದು ಅದನ್ನೇ, ಎಣ್ಣೆಬಣ್ಣಕ್ಕೂ ಅದೇ. ಹೊಸದರಲ್ಲಿ ಚುಚ್ಚುತ್ತದೆ, ನೆನೆದರೆ ವಾಸನೆ, ಪಳಗಲು ವಾರಗಟ್ಟಲೆ ಬೇಕು. ಬ್ಯಾಜರ್ ಎಂಬ ಪ್ರಾಣಿಯ ಕೂದಲಿನದು ಮೃದು, ನೀರು ಚೆನ್ನಾಗಿ ಹಿಡಿಯುತ್ತದೆ, ಆದರೆ ದುಬಾರಿ. ಈಗ ನೈಲಾನಿನಂಥ ಎಳೆಯಲ್ಲಿ ಮಾಡಿದವು ಬಂದಿವೆ. ಮೊದಲು ಅವನ್ನು ಕಂಡರೆ ನನಗೆ ಆಗುತ್ತಿರಲಿಲ್ಲ, ಈಗಿನವು ನಿಜಕ್ಕೂ ಚೆನ್ನಾಗಿವೆ.

ಯಾವುದೇ ಆಗಲಿ, ಡಬ್ಬಿ ನೋಡಿ ಕೊಳ್ಳಬೇಡ. ಮುಂಗೈ ಮೇಲೆ ಒತ್ತಿ ನೋಡು. ಎಳೆಗಳು ಅರಳಬೇಕು, ಕೈ ತೆಗೆದರೆ ತಾವಾಗಿ ಎದ್ದು ನಿಲ್ಲಬೇಕು. ಕೆನ್ನೆಗೆ ತಾಗಿಸಿದರೆ ಚುಚ್ಚಬಾರದು. ಮೆಲ್ಲಗೆ ಎಳೆದರೆ ಕೂದಲು ಕೈಗೆ ಬರಬಾರದು. ಹಿಡಿ ಒದ್ದೆ ಕೈಯಲ್ಲಿ ಜಾರಬಾರದು. ಹೊಸಬರು ಭಾರಿ ಗಾತ್ರದ್ದಕ್ಕೆ ಕೈ ಹಾಕದಿರುವುದೇ ಒಳ್ಳೆಯದು, ನೊರೆಯೆಲ್ಲ ಕಿವಿಗೇ ಬರುತ್ತದೆ.

ಅವನ ಗಡ್ಡ ಹೇಗಿದೆ? ಒತ್ತಾಗಿದೆಯೋ, ವಿರಳವೋ? ಅದು ತಿಳಿದರೆ ಇನ್ನೂ ಸರಿಯಾಗಿ ಹೇಳಬಲ್ಲೆ. ಅವನ ಊರು ಯಾವುದು ಎಂಬುದನ್ನೂ ಬರೆದರೆ ತಪ್ಪಿಲ್ಲ.

ಹಂಪಯ್ಯ ಮಾಮಾ

*

ಕೊಂಡಾಪುರ
26 ನವೆಂಬರ್ 2024

ಮಾಮಾ,

ನೀವು ತಿಳಿದ ಹಾಗೆ ಏನೂ ಇಲ್ಲ. ಪ್ರೀತಿಗೀತಿ ಯಾವುದೂ ಅಲ್ಲ. ದಯವಿಟ್ಟು ಆ ತಮಾಷೆ ಬೇಡ.

ಗಡ್ಡ ಮುಖದ ತುಂಬ ಇಲ್ಲ. ಗದ್ದದ ಮೇಲೆ, ದವಡೆಯ ಕೆಳಗೆ, ತುಟಿಯ ಮೇಲೆ ಸ್ವಲ್ಪ. ಆದರೆ ಇರುವಷ್ಟು ಗಡಸು. ಒಂದು ದಿನ ಬಿಟ್ಟರೆ ಮಾಸ್ಕಿನ ಒಳಗೆ ಚುಚ್ಚುತ್ತದೆ. ಚರ್ಮ ಅಲ್ಲಲ್ಲಿ ಕಪ್ಪಾಗಿದೆ.

ನಿಮ್ಮ ಕಾಗದ ಬರುವ ಮೊದಲೇ ಒಂದು ಎಡವಟ್ಟಾಯಿತು. ರಸ್ತೆ ಪಕ್ಕದ ಬಂಡಿಯಲ್ಲಿ ಒಂದು ಬ್ರಷ್ ಸಿಕ್ಕಿತು. ಅಲ್ಲಿ ಯಾರಿಗೆ ಏನು ಎಂದು ಕೇಳುವವರಿಲ್ಲವಲ್ಲ ಎಂದು ಕೊಂಡೆ. ಒದ್ದೆ ಮಾಡಿದರೆ ಆಡಿನ ಕೊಟ್ಟಿಗೆಯ ವಾಸನೆ. ಉಜ್ಜಿದರೆ ಪಾತ್ರೆ ತಿಕ್ಕುವ ನಾರಿನ ಹಾಗೆ. ನೊರೆಗಿಂತ ಉದುರಿದ ಕೂದಲೇ ಹೆಚ್ಚು. ಎರಡು ಸಲ ಬಳಸುವಷ್ಟರಲ್ಲಿ ಗದ್ದ ಕೆಂಡದಂತಾಗಿ, ಊಟಕ್ಕೂ ಮಾಸ್ಕ್ ತೆಗೆಯದೆ ಮೂಲೆಯಲ್ಲಿ ಕೂರುವ ಹಾಗಾಯಿತು. ನಮ್ಮ ಲ್ಯಾಬಿನ ಪಿಂಕಿ ಬಂದು “ಕ್ಯಾ ಹುವಾ, ಖಾನಾ ನೈ ಖಾತೇ?” ಎಂದು, ಊಟ ಯಾಕಿಲ್ಲವೆಂದು ಕೇಳಿದಳು. ಉಪವಾಸ ಎಂದು ಹೇಳಿ ತಪ್ಪಿಸಿಕೊಂಡದ್ದಾಯಿತು.

ಬ್ರಷ್ಷಿನ ಸಹವಾಸವೇ ಬೇಡ ಅನ್ನಿಸಿಬಿಟ್ಟಿದೆ. ಇಂಥ ಚರ್ಮಕ್ಕೂ ಹೊಂದುವುದು ಇದೆ ಎನ್ನುವುದಾದರೆ ಹೇಳಿ.

ಬಸವಕಿರಣನ ಮನೆಯವರು ಡಿಸೆಂಬರಿನಲ್ಲಿ ಹೆಣ್ಣು ನೋಡಲು ಬರುತ್ತಾರಂತೆ. ಭಾನುವಾರಗಳೆಲ್ಲ ನನಗೆ ಡ್ಯೂಟಿ ಎಂದು ಅಮ್ಮನಿಗೆ ಹೇಳಿದ್ದೇನೆ. ಅದು ಸುಳ್ಳು.

ಲಹರಿ

*

ಲಿಂಗಸುಗೂರು
4 ಡಿಸೆಂಬರ್ 2024

ಲಹರಿ ತಾಯಿ,

ತಮಾಷೆ ಬಿಟ್ಟೆ. ಈಗ ಹಿರಿಯನಾಗಿ ಬರೆಯುತ್ತಿದ್ದೇನೆ.

ಮೊದಲು ಅವನ ಮುಖ. ಗದ್ದ ಉರಿಯುವುದು ನಿಲ್ಲುವವರೆಗೆ ಯಾವ ಬ್ರಷ್ಷೂ ಬೇಡ, ರೇಜರೂ ಬೇಡ. ಬಂಡಿಯಲ್ಲಿ ಸಿಕ್ಕದ್ದನ್ನು ಎಸೆದುಬಿಡು. ಅದು ಅಗ್ಗದ ಹಂದಿ ಕೂದಲು, ನೆನೆಸದೆ ಪಳಗಿಸದೆ ನೋಯುವ ಚರ್ಮಕ್ಕೆ ಹಚ್ಚಿದರೆ ಇನ್ನೇನಾಗುತ್ತದೆ? ಆಮೇಲೆ ನೈಲಾನ್ ಎಳೆಯದನ್ನೇ ಕೊಳ್ಳಲಿ. ತುದಿ ಹತ್ತಿಯ ಹಾಗೆ ಇರಬೇಕು, ಬುಡದಲ್ಲಿ ಸ್ವಲ್ಪ ಗಟ್ಟಿತನವೂ ಇರಬೇಕು. ಪೂರ್ತಿ ಜೋಲುವಂಥದ್ದರಿಂದ ಸೋಪು ಏಳುವುದಿಲ್ಲ, ಆಗ ಸಿಟ್ಟಿನಿಂದ ಮುಖವನ್ನೇ ಉಜ್ಜತೊಡಗುತ್ತೇವೆ. ನೊರೆಯನ್ನು ಬಟ್ಟಲಿನಲ್ಲಿ ಏಳಿಸಿ, ಮುಖಕ್ಕೆ ಬಣ್ಣ ಬಳಿಯುವ ಹಾಗೆ ಹಚ್ಚಲಿ. ರೇಜರು ಕೂದಲು ಇರುವ ದಿಕ್ಕಿನಲ್ಲೇ ಹೋಗಲಿ.

ಈಗ ಇನ್ನೊಂದು ಮಾತು. ಗದ್ದದ ಮೇಲೆ ಮಾತ್ರ ಗಡ್ಡ, ತುಟಿಯ ಮೇಲೆ ಸ್ವಲ್ಪ. ಲಹರಿ, ಅವನ ವಯಸ್ಸೆಷ್ಟು? ನಿನಗಿಂತ ಚಿಕ್ಕವನೇ? ಅದಕ್ಕೇ ಮುಚ್ಚಿಡುತ್ತಿದ್ದೀಯಾ? ನಿನ್ನ ಅತ್ತೆಗೂ ಹೇಳದೆ ಈ ಚಿಂತೆಯಲ್ಲಿ ನಾಲ್ಕು ದಿನ ಕಳೆದೆ. ಶಿವದೇವಿ ಫೋನ್ ಮಾಡಿ, “ಅಣ್ಣಾ, ಹುಡುಗಿ ಮುಖಕ್ಕ ಮುಖಾ ಕೊಟ್ಟು ಮಾತಾಡವಲ್ಲಳು. ಏನರ ಹೇಳ್ಯಾಳೇನು ನಿನಗ?” ಎಂದು ಕೇಳಿದಳು. ಇಲ್ಲ ಎಂದೆ. ತಂಗಿಗೆ ಸುಳ್ಳು ಹೇಳುವುದು ನನಗೆ ಒಗ್ಗುವುದಿಲ್ಲ.

ಹದಿನೈದನೆಯ ತಾರೀಕಿಗೆ ನಾನೇ ಹೈದರಾಬಾದಿಗೆ ಬರುತ್ತೇನೆ. ಆ ಹುಡುಗನನ್ನು ಎಲ್ಲಾದರೂ ಹೊರಗೆ ಕರೆದುಕೊಂಡು ಬಾ. ಎದುರು ಕೂತು ಮಾತನಾಡುತ್ತೇನೆ. ಒಳ್ಳೆಯವನಾದರೆ ನಿನ್ನಮ್ಮನನ್ನು ಒಪ್ಪಿಸುವುದು ನನ್ನ ಜವಾಬ್ದಾರಿ.

ಮಾಮಾ

*

ಕೊಂಡಾಪುರ
9 ಡಿಸೆಂಬರ್ 2024

ಮಾಮಾ,

ಬರಬೇಡಿ. ತೋರಿಸಲು ಯಾವ ಹುಡುಗನೂ ಇಲ್ಲ.

ಆ ಗಡ್ಡ ನನ್ನದು.

ಇದನ್ನು ಬರೆದ ಮೇಲೆ ಪೆನ್ನು ಕೆಳಗಿಟ್ಟು ಬಾಲ್ಕನಿಗೆ ಹೋಗಿ ಬಂದೆ. ಹರಿದು ಹಾಕೋಣವೆಂದುಕೊಂಡೆ. ಆದರೆ ನೀವು ಟಿಕೆಟ್ ತೆಗೆಸಿ ಬಂದೇಬಿಡುವವರು.

ಕಾಲೇಜಿನ ಎರಡನೆಯ ವರ್ಷದಲ್ಲಿ ಶುರುವಾಯಿತು. ಹಾರ್ಮೋನಿನ ಏರುಪೇರು, ತುಂಬ ಹುಡುಗಿಯರಿಗೆ ಇರುತ್ತದೆ ಎಂದರು ಡಾಕ್ಟರು. ಮಾತ್ರೆಗಳಿಂದ ಉಳಿದದ್ದೆಲ್ಲ ಹದಕ್ಕೆ ಬಂತು, ಇದು ಮಾತ್ರ ಹೋಗಲಿಲ್ಲ. ಅಮ್ಮ ಪಾರ್ಲರಿಗೆ ಕರೆದುಕೊಂಡು ಹೋಗಿ ದಾರ ಹಾಕಿಸಿದಳು. ಅಲ್ಲಿಯ ಹೆಂಗಸು ಕೆಲಸ ನಿಲ್ಲಿಸಿ ಇನ್ನೊಬ್ಬಳನ್ನು ಕರೆದು ನನ್ನ ಗದ್ದ ತೋರಿಸಿದಳು. ಮತ್ತೆ ನಾನು ಅತ್ತ ಹೋಗಲಿಲ್ಲ. ದಾರದಿಂದಲೇ ಹೋಯಿತು ಎಂದು ಅಮ್ಮನಿಗೆ ಹೇಳಿದೆ, ಅವಳು ನಂಬಿದಳು. ಲೇಸರ್ ಕೂಡ ಮಾಡಿಸಿ ನೋಡಿದೆ, ಕೆಲವು ತಿಂಗಳಲ್ಲಿ ಮರಳಿ ಬಂತು. ಬೋಳಿಸಿದರೆ ಇನ್ನೂ ದಪ್ಪವಾಗಿ ಬೆಳೆಯುತ್ತದೆ ಎನ್ನುವುದು ಸುಳ್ಳು ಎಂದು ಡಾಕ್ಟರು ಹೇಳಿದ ದಿನದಿಂದ ಬೆಳಿಗ್ಗೆ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು, ಆ ಸದ್ದಿನಲ್ಲಿ ಕೆರೆದುಕೊಳ್ಳುತ್ತೇನೆ. ಸರಿಯಾಗಿ ಹೇಗೆ ಮಾಡಬೇಕೆಂದು ಹೇಳಿಕೊಟ್ಟವರಿಲ್ಲ. ಹುಡುಗರಿಗಾದರೆ ಅಪ್ಪಂದಿರು ಹೇಳಿಕೊಡುತ್ತಾರೇನೋ.

ಬಸವಕಿರಣ ಫೋಟೊದಲ್ಲಿ ಒಳ್ಳೆಯವನಂತೆಯೇ ಕಾಣುತ್ತಾನೆ. ಅವನು ನನ್ನನ್ನು ಬೇಡ ಎನ್ನುತ್ತಾನೆಂಬ ಹೆದರಿಕೆ ನನಗಿಲ್ಲ. ಬೇಕು ಎಂದುಬಿಟ್ಟರೆ ಏನು ಮಾಡಲಿ? ಒಂದೇ ಮನೆಯಲ್ಲಿ ಒಬ್ಬ ಮನುಷ್ಯನಿಂದ ಜೀವನಪೂರ್ತಿ ಮುಖ ಮುಚ್ಚಿಟ್ಟುಕೊಂಡು ಹೇಗೆ ಇರಲಿ? ಅದಕ್ಕೇ ಬೇಡ ಎನ್ನುತ್ತಿರುವುದು.

ಅಮ್ಮನಿಗೆ ಹೇಳಬೇಡಿ.

ಲಹರಿ

*

ಕೊಂಡಾಪುರ
27 ಡಿಸೆಂಬರ್ 2024

ಮಾಮಾ,

ನೀವು ಬರಲೂ ಇಲ್ಲ, ಬರೆಯಲೂ ಇಲ್ಲ. ಬರಬೇಡಿ ಎಂದವಳು ನಾನೇ, ಆದರೂ ಹದಿನೈದನೆಯ ತಾರೀಕು ಇಡೀ ದಿನ ಬಾಗಿಲ ಕಡೆ ನೋಡುತ್ತಿದ್ದೆ.

ಅಮ್ಮ ಒಂದು ವಾರದಿಂದ ಬಸವಕಿರಣನ ಸುದ್ದಿಯನ್ನೇ ಎತ್ತುತ್ತಿಲ್ಲ. ಫೋಟೊ ಕೂಡ ಟಿವಿಯ ಪಕ್ಕದಿಂದ ಮಾಯವಾಗಿದೆ. ನಾನು ಕಣ್ಣೆತ್ತಿದರೆ ಅವಳು ಬೇರೆ ಕಡೆ ನೋಡುತ್ತಾಳೆ. ನೀವು ಹೇಳಿರಬೇಕು. ಹೇಳಿದ್ದರೂ ನನಗೆ ಸಿಟ್ಟಿಲ್ಲ, ಇಷ್ಟು ದೊಡ್ಡ ವಿಷಯ ನಿಮ್ಮ ತಲೆಗೆ ಕಟ್ಟಿದ್ದು ನನ್ನದೇ ತಪ್ಪು.

ನಿಮಗೆ ಅಸಹ್ಯವಾಗಿದ್ದರೂ ತಪ್ಪಿಲ್ಲ. ಆ ಕಾಗದ ಸುಟ್ಟುಬಿಡಿ. ಯುಗಾದಿಗೆ ಬಂದಾಗ ಏನೂ ಆಗದವರ ಹಾಗೆ ಇರೋಣ.

ಲಹರಿ

*

ಲಿಂಗಸುಗೂರು
2 ಜನವರಿ 2025

ನನ್ನ ಕಂದ ಲಹರಿಗೆ,

ನಿನ್ನ ಈ ಕಾಗದ ಓದಿ ಎದೆ ಒಡೆದಂತಾಯಿತು. ಶಿವದೇವಿಗೆ ನಾನು ಒಂದಕ್ಷರವೂ ಹೇಳಿಲ್ಲ. ಯಾವ ಅಸಹ್ಯ, ಎಲ್ಲಿಯ ಅಸಹ್ಯ? ನಿನಗೆ ಉತ್ತರ ಬರೆಯಲು ಇನ್ನೊಬ್ಬರ ಅಪ್ಪಣೆ ಬೇಕಿತ್ತು. ಅದು ಸಿಗಲು ಇಷ್ಟು ದಿನ ಹಿಡಿಯಿತು. ಅಷ್ಟರಲ್ಲಿ ಒಂದು ಸಾಲು ಗೀಚಿ ಹಾಕಬೇಕಿತ್ತು, ಹೊಳೆಯಲಿಲ್ಲ.

ನನಗೆ ಮದುವೆಯಾದ ಹೊಸತು. ನಿನ್ನ ಅತ್ತೆ ನಾನು ಏಳುವ ಮೊದಲೇ ಎದ್ದು ಬಚ್ಚಲಿನ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಮಾತನಾಡುವಾಗ ಸೆರಗು ಬಾಯಿಗೆ. ಎರಡು ವಾರಕ್ಕೊಮ್ಮೆ ತವರಿಗೆ ಹೋಗುತ್ತೇನೆ ಎನ್ನುವಳು. ನನ್ನನ್ನು ಕಂಡರೆ ಈಕೆಗೆ ಆಗದು, ಬಲವಂತಕ್ಕೆ ಮದುವೆಯಾಗಿದ್ದಾಳೆ ಎಂದು ತಿಳಿದು ನಾನೂ ಮಾತು ಕಡಿಮೆ ಮಾಡಿದೆ. ಎರಡು ವರ್ಷ ಒಂದೇ ಮನೆಯಲ್ಲಿ ಪರಕೀಯರ ಹಾಗೆ ಇದ್ದೆವು.

ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ತಂಬಿಗೆ ಬಿದ್ದ ಸದ್ದಾಯಿತು. ಬಾಗಿಲು ಬಡಿದೆ. ತೆರೆದಳು. ಗದ್ದದಿಂದ ರಕ್ತ ಸೋರುತ್ತಿತ್ತು. ಕೈಯಲ್ಲಿ ನಾನು ಎಸೆದಿದ್ದ ಹಳೆಯ ಬ್ಲೇಡು.

“ಏನಿದು, ಗಂಗಾ?”

“ನೋಡಿದ್ರಲ್ಲ. ಇನ್ನ ನನ್ನ ತವರಿಗೆ ಬಿಟ್ಟು ಬರ್ರಿ,” ಎಂದಳು. ಅಳಲಿಲ್ಲ.

ನಾನು, “ಒಣಾ ಗದ್ದಕ್ಕ ಯಾರರ ಬ್ಲೇಡ್ ಹಚ್ಚತಾರೇನು? ಮೊದಲ ನೀರರ ಹಚ್ಚಬೇಕೋ ಬ್ಯಾಡೋ?” ಎಂದುಬಿಟ್ಟೆ. ಆಕೆ ನನ್ನ ಮುಖ ನೋಡಿದಳು. ಆಮೇಲೆ ಇಬ್ಬರಿಗೂ ನಗು ಬಂತು. ರಕ್ತ ಒರೆಸಿಕೊಳ್ಳುತ್ತಲೇ ನಕ್ಕಳು.

ಗಾಯ ಮಾಗಿದ ಮೇಲೆ, ಜಲವರ್ಣಕ್ಕೆಂದು ತಂದಿದ್ದ ಅಳಿಲಿನ ಕೂದಲಿನ ದಪ್ಪ ಬ್ರಷ್ಷಿನಿಂದ ನಾನೇ ನೊರೆ ಹಚ್ಚಿದೆ. ನನ್ನ ಹಂದಿ ಕೂದಲಿನದು ಆಕೆಗೆ ಆಗುತ್ತಿರಲಿಲ್ಲ. ಮೆತ್ತನೆಯ ಬ್ರಷ್ಷಿನ ವಿಷಯ ಇಷ್ಟೆಲ್ಲ ನನಗೆ ಗೊತ್ತಾದದ್ದು ಹಾಗೆ. ಅಂದಿನಿಂದ ಇಂದಿನವರೆಗೆ ಇದು ನಮ್ಮಿಬ್ಬರ ನಡುವೆಯೇ ಉಳಿದ ಮಾತು. ಮಕ್ಕಳಿಗೂ ತಿಳಿಯದು.

ನಿನ್ನ ಹಿಂದಿನ ಕಾಗದ ತೋರಿಸಿದಾಗ ಮೊದಲು ಸಿಟ್ಟಾದಳು. “ನನ್ನ ಸುದ್ದಿ ನಿಮ್ಮ ಬಾಯಿಂದ ಹೊರಗ ಬಿತ್ತಂದ್ರ ನೋಡ್ರಿ,” ಎಂದು ಎದ್ದು ಹೋದಳು. ಎರಡು ವಾರ ಆ ಮಾತಿಲ್ಲ. ಆಮೇಲೆ ನಿನ್ನ ಈ ಕಾಗದ ಬಂದಿತು. ಅದನ್ನು ತಾನೇ ಒಡೆದು ಓದಿದಳು. ಬಂದು ನನ್ನ ಪಕ್ಕದಲ್ಲಿ ಕೂತು, “ಬರೀರಿ. ಎಲ್ಲಾ ಬರೀರಿ. ನಾ ಹೇಳಿದ್ದನ್ನ ಹೇಳಿದಂಗ ಬರೀರಿ,” ಎಂದಳು. ಬರೆಯುತ್ತಿದ್ದೇನೆ:

“ಲಹರಿ, ನಾ ನಿನ್ನ ಗಂಗಾ ಅತ್ತಿ. ನಿಮ್ಮ ಮಾಮಾ ಬ್ರಷ್ಷಿನ ಬಗ್ಗೆ ಪುರಾಣ ಬರದಿರ್ತಾರ, ಅಷ್ಟೆಲ್ಲ ತಲಿಗೆ ಹಚ್ಕೊಬ್ಯಾಡ. ಮುಖಕ್ಕ ಮುಟ್ಟಿಸಿದ್ರ ಬೆಕ್ಕು ಬಂದು ಮೈ ಉಜ್ಜಿದಂಗ ಆಗಬೇಕು, ಅಂಥಾದ್ದು ತಗೋ. ಸಣ್ಣದು ತಗೋ, ನಮ್ಮ ಗದ್ದಾ ಏನು ಗುಡ್ಡಲ್ಲ. ಬ್ಯಾರೆಯವರು ಆರಿಸಿ ಕೊಟ್ಟದ್ದು ಬ್ಯಾಡ, ನೀನ ಅಂಗಡಿಗೆ ಹೋಗಿ ಮುಟ್ಟಿ ನೋಡಿ ತಗೋ. ಆ ಹುಡುಗ ಬೇಕಾದ್ರ ನೋಡು, ಬ್ಯಾಡಾದ್ರ ಬಿಡು. ನೋಡೋದಾದ್ರ ಮಾತ್ರ ಮೊದಲ ಹೇಳಿಬಿಡು. ನಾ ಎರಡು ವರ್ಷ ಸುಮ್ಮ ಸುಮ್ಮನ ಕಳಕೊಂಡೆ, ಇವರಂಥಾ ಮನುಷ್ಯಾನ ಮುಂದ ಇಟಗೊಂಡು.”

ಇದಕ್ಕೆ ನಾನು ಸೇರಿಸುವುದು ಏನೂ ಇಲ್ಲ.

ಮಾಮಾ

*

ಕೊಂಡಾಪುರ
20 ಜನವರಿ 2025

ಮಾಮಾ, ಅತ್ತೆ, ಇಬ್ಬರಿಗೂ,

ನಿಮ್ಮ ಕಾಗದವನ್ನು ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಓದಿದೆ. ಮಾಸ್ಕಿನೊಳಗೆ ಎಷ್ಟು ಅತ್ತೆನೆಂದರೆ ಅದನ್ನು ಬದಲಾಯಿಸಬೇಕಾಯಿತು. ಅತ್ತೆ, ನಿಮ್ಮ ನುಣುಪು ಗದ್ದ ನೋಡಿ ನಾನು ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಈಗ ಹೇಳುತ್ತಿದ್ದೇನೆ.

ಗದ್ದ ಪೂರ್ತಿ ಮಾಗಲಿ ಎಂದು ಕಾದು, ಸಂಕ್ರಾಂತಿ ಮುಗಿದ ಮೇಲೆ ಅಂಗಡಿಗೆ ಹೋದೆ. ಈ ಸಲ ಬೇರೆ ಅಂಗಡಿ, ಮುದುಕರೊಬ್ಬರು ಕೂತಿದ್ದರು. ನಾಲ್ಕೈದು ಬ್ರಷ್ ಹೊರಗೆ ತೆಗೆಸಿದೆ. ಮುಂಗೈ ಮೇಲೆ ಒತ್ತಿದೆ, ಮೆಲ್ಲಗೆ ಎಳೆದೆ, ಕೆನ್ನೆಗೆ ತಾಗಿಸಿದೆ. ಒಂದು ಚುಚ್ಚಿತು. ಇನ್ನೊಂದು ಒತ್ತಿದರೆ ಒತ್ತಿದ ಹಾಗೆಯೇ ಮಲಗಿಬಿಟ್ಟಿತು. ಮೂರನೆಯದು ಕಂದು ಎಳೆ, ಬೆಳ್ಳನೆಯ ತುದಿ. ಕೆನ್ನೆಗೆ ಮುಟ್ಟಿಸಿದೆ, ಬೆಕ್ಕೇ!

“ಕಿಸ್ಕು ಹೋನಾ ಅಮ್ಮಾ?” ಎಂದರು ಮುದುಕರು. ಯಾರಿಗೆ ಬೇಕಿತ್ತು ಎಂದು.

“ಮೇರೆಕುಚ್ ಹೋನಾ,” ಎಂದೆ. ನನಗೇ ಬೇಕು.

ಅವರ ಕಣ್ಣಲ್ಲಿ ಏನು ಬರುತ್ತದೋ ಎಂದು ಕಾದೆ. ಏನೂ ಬರಲಿಲ್ಲ. “ಇಸ್ಕಾ ಹ್ಯಾಂಡಲ್ ಪಾನಿ ಮೇ ಫಿಸಲ್ತಾ. ಯೇ ದೇಖೋ, ವಹೀಚ್ ಬಾಲ್,” ಎಂದು, ಒದ್ದೆ ಕೈಗೆ ಜಾರದ ಹಾಗೆ ನಡು ಸಣ್ಣಗಿರುವ ಹಿಡಿಯ, ಅದೇ ಎಳೆಯ ಇನ್ನೊಂದನ್ನು ಮುಂದಿಟ್ಟು, ಚಹಾ ತಣ್ಣಗಾಯಿತೆಂದು ಒಳಗಿನವರ ಮೇಲೆ ಕೂಗಿದರು. ಇಷ್ಟೇ. ಇಷ್ಟು ವರ್ಷ ನಾನು ಹೆದರಿದ್ದು ಈ ಪ್ರಶ್ನೆಗೆ.

ಮೊದಲ ದಿನ ನೀರು ಹೆಚ್ಚಾಗಿ ನೊರೆ ಪಾತ್ರೆ ತೊಳೆಯುವ ನೀರಿನಂತೆ ಹರಿಯಿತು. ಮರುದಿನ ಬ್ರಷ್ ಕೊಡವಿ, ಸೋಪಿನ ಮೇಲೆ ಸುತ್ತಿಸಿ, ಬಟ್ಟಲಿನಲ್ಲಿ ತಿರುವಿದೆ. ಗಟ್ಟಿ ಮೊಸರಿನಂಥ ನೊರೆ ಎದ್ದಿತು. ಬಣ್ಣ ಬಳಿದ ಹಾಗೆ ಹಚ್ಚಿದೆ. ರೇಜರು ಎಲ್ಲೂ ತಡೆಯದೆ ಸಾಗಿತು. ಮುಖ ತೊಳೆದು ಉರಿ ಶುರುವಾಗುವುದನ್ನೇ ಕಾಯುತ್ತ ನಿಂತೆ. ಶುರುವಾಗಲಿಲ್ಲ.

ನಿನ್ನೆ ಬೆಳಿಗ್ಗೆ ಚಿಲಕ ಹಾಕಲಿಲ್ಲ. ಬೇಕೆಂದೇ. ಅಮ್ಮ ಒಗೆಯುವ ಬಟ್ಟೆ ಹಿಡಿದು ಒಳಗೆ ಬಂದು ನಿಂತುಬಿಟ್ಟಳು. ನನ್ನ ಅರ್ಧ ಮುಖದ ಮೇಲೆ ನೊರೆ.

“ಏನ ಮಾಡಾಕತ್ತೀ?”

“ದಾಡಿ ಮಾಡ್ಕೊಳ್ಳಾಕತ್ತೀನಮ್ಮಾ.”

“ಯಾವಾಗಿಂದ?”

“ಕಾಲೇಜಿನಿಂದ.”

ಅಮ್ಮ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಳು. “ದಾರದಿಂದ ಹೋತು ಅಂದಿದ್ದೆಲ್ಲ,” ಎಂದಳು. ಬಟ್ಟೆಯನ್ನೆಲ್ಲ ಮಡಿಲಿಗೆ ಎಳೆದುಕೊಂಡು, “ನಾ ಅಷ್ಟ ಕೆಟ್ಟಾಕಿ ಏನ, ಹೇಳಬಾರದಷ್ಟು?” ಎಂದು ಅತ್ತಳು. ನಾನು ಕೆಲಸ ಮುಗಿಸುವವರೆಗೂ ಅಲ್ಲಿಯೇ ಕೂತಿದ್ದಳು. ಕೊನೆಗೆ “ಉರೀತೈತೇನ?” ಎಂದಳು. ಈಗ ಇಲ್ಲ ಎಂದೆ. ತೊಳೆದಿಟ್ಟ ಬ್ರಷ್ ಎತ್ತಿ, ತನ್ನ ಕೆನ್ನೆಗೆ ಒತ್ತಿ ನೋಡಿ, “ಭಾಳ ಮೆತ್ತಗ ಐತಿ,” ಎಂದಳು.

ಅವಳು ಬಸವಕಿರಣನ ಸುದ್ದಿ ನಿಲ್ಲಿಸಿದ್ದು ನೀವು ಹೇಳಿದಿರೆಂದಲ್ಲ. ಅವನ ಅಜ್ಜಿ ಬಿದ್ದು ಕಾಲು ಮುರಿದುಕೊಂಡಿದ್ದರಂತೆ, ಬರುವುದನ್ನು ಅವರೇ ಮುಂದೆ ಹಾಕಿದ್ದರು. ನನಗೆ ಮನಸ್ಸಿಲ್ಲವಲ್ಲ ಎಂದು ಅಮ್ಮ ಅದನ್ನೂ ಹೇಳದೆ ಸುಮ್ಮನಿದ್ದಳು. ಈಗ ನಾನೇ ಅವನ ನಂಬರ್ ಕೇಳಿದ್ದೇನೆ.

ಲಹರಿ

*

ಲಿಂಗಸುಗೂರು
30 ಜನವರಿ 2025

ಲಹರಿ,

ನಿನ್ನ ಕಾಗದ ನಿನ್ನ ಅತ್ತೆ ಮೂರು ಸಲ ಓದಿಸಿದಳು. ಅಂಗಡಿಯ ಮುದುಕರ ಭಾಗ ಬಂದಾಗಲೆಲ್ಲ ನಗು.

ಇಲ್ಲೊಂದು ಸುದ್ದಿ ಇದೆ. ಮೊನ್ನೆ ಊಟಕ್ಕೆ ಕೂತಾಗ ಆಕೆ ಧೈರ್ಯ ಮಾಡಿ ಸೊಸೆಗೆ ತನ್ನ ಗುಟ್ಟು ಹೇಳಿದಳು. ಸೊಸೆ ರೊಟ್ಟಿ ಬಡಿಯುವುದನ್ನೂ ನಿಲ್ಲಿಸದೆ, “ನನಗ ಗೊತ್ತಿಲ್ಲೇನ್ರಿ ಅತ್ತಿ? ಮದುವ್ಯಾಗಿ ಬಂದ ವರ್ಷಾನ ಗೊತ್ತಾತು. ನೀವ ಹೇಳವಲ್ರಿ ಅಂತ ಸುಮ್ಮನಿದ್ದೆ,” ಎಂದಳು. ನಿನ್ನ ಅತ್ತೆ ಕೈಯಲ್ಲಿ ತುತ್ತು ಹಿಡಿದೇ ಕೂತುಬಿಟ್ಟಳು. ಆಮೇಲೆ ಆಕೆಗೆ ಬಂದ ನಗು ನನ್ನ ಮಂದ ಕಿವಿಗೂ ಕೇಳಿತು.

ಬ್ರಷ್ ಬಳಸಿದ ಮೇಲೆ ಚೆನ್ನಾಗಿ ಕೊಡವಿ, ಗಾಳಿಯಾಡುವ ಕಡೆ ಒಣಗಲು ಬಿಡು. ಬಚ್ಚಲ ಕಪಾಟಿನೊಳಗೆ ಮುಚ್ಚಿಡಬೇಡ.

ಆ ಹುಡುಗ ಏನೆಂದ? ಏನೇ ಅನ್ನಲಿ, ಬರೆ.

ಮಾಮಾ

*

ಕೊಂಡಾಪುರ
17 ಫೆಬ್ರುವರಿ 2025

ಮಾಮಾ, ಅತ್ತೆ,

ನಿನ್ನೆ ಬಸವಕಿರಣನನ್ನು ನೋಡಿದೆ. ಅಮ್ಮಂದಿರಿಲ್ಲದೆ, ಇಲ್ಲಿಯ ಬೊಟಾನಿಕಲ್ ಗಾರ್ಡನ್ನಿನಲ್ಲಿ. ಅವನು ನನಗಿಂತ ಮೊದಲೇ ಬಂದು, ಎರಡು ಎಳನೀರು ಹಿಡಿದು ನಿಂತಿದ್ದ. ನನ್ನದು ಕುಡಿಯುವಷ್ಟೂ ತಾಳ್ಮೆಯಿರಲಿಲ್ಲ. “ಒಂದು ಮಾತು ಮೊದಲ ಹೇಳಬೇಕ್ರಿ,” ಎಂದು ಶುರು ಮಾಡಿ, ನಡುವೆ ಎಲ್ಲೂ ನಿಲ್ಲದೆ ಎಲ್ಲ ಹೇಳಿದೆ. ಹಾರ್ಮೋನು, ಮಾತ್ರೆ, ರೇಜರು, ಬ್ರಷ್ಷು, ಎಲ್ಲ.

ಅವನು ಎಳನೀರಿನ ಕೊಳವೆ ಕಚ್ಚಿಕೊಂಡು ಕೇಳಿಸಿಕೊಂಡ. ಮುಗಿದ ಮೇಲೆ ದೊಡ್ಡದಾಗಿ ಉಸಿರುಬಿಟ್ಟ.

“ಇಷ್ಟೇನ್ರಿ? ನೀವು ಬಾ ಅಂದಾಗಿಂದ ನನಗ ಊಟ ಸೇರಿಲ್ಲ. ಬ್ಯಾರೆ ಯಾರನ್ನೋ ಮನಸಿನ್ಯಾಗ ಇಟಗೊಂಡೀರಿ, ಅದನ್ನ ಹೇಳಾಕ ಕರದೀರಿ ಅಂತ ಮಾಡಿದ್ದೆ,” ಎಂದ.

ಮಾಮಾ, ನಿಮ್ಮದೇ ಲೆಕ್ಕಾಚಾರ! ಗಂಡಸರಿಗೆಲ್ಲ ಇದೊಂದೇ ಹೊಳೆಯುತ್ತದೆಯೇ?

ಆದರೆ ಅವನು ಅಷ್ಟಕ್ಕೇ ಬಿಡಲಿಲ್ಲ. ಇದರಿಂದ ಬೇರೆ ತೊಂದರೆ ಇದೆಯೇ, ಮಾತ್ರೆ ಯಾವಾಗಲೂ ಬೇಕೇ, ಮಕ್ಕಳ ವಿಷಯಕ್ಕೆ ಡಾಕ್ಟರು ಏನೆನ್ನುತ್ತಾರೆ ಎಂದು ಕೇಳಿದ. ಕೇಳುವುದಕ್ಕೆ ನಾಚಿಕೆಪಟ್ಟ, ಆದರೂ ಕೇಳಿದ. ಗೊತ್ತಿದ್ದಷ್ಟು ಹೇಳಿದೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೆ. ಮನೆಯವರಿಗೆ ಹೇಳುವುದೋ ಬಿಡುವುದೋ ನಿಮಗೆ ಬಿಟ್ಟದ್ದು ಎಂದ. ಆಮೇಲೆ ತುಂಬ ಯೋಚನೆ ಮಾಡಿದವನ ಹಾಗೆ, “ಒಂದು ತೊಂದ್ರಿ ಐತ್ರಿ,” ಎಂದ.

ನಾನು ಎಳನೀರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

“ನಂದೂ ಬೆಳಗ್ಗೆ ಅದ ಹೊತ್ತಿಗೆ ದಾಡಿ. ಒಂದ ಕನ್ನಡಿ ಸಾಲಂಗಿಲ್ಲ.”

ನಾನು ನಕ್ಕ ನಗುವಿಗೆ ದಾರಿಯಲ್ಲಿ ನಡೆಯುತ್ತಿದ್ದ ಇಬ್ಬರು ಮುದುಕರು ತಿರುಗಿ ನೋಡಿದರು.

ಇನ್ನೂ ಹೂಂ ಎಂದಿಲ್ಲ. ಒಂದು ಎಳನೀರಿಗೆ ಜೀವನ ಬರೆದುಕೊಡಲು ಆಗುತ್ತದೆಯೇ? ಇನ್ನು ಮೂರು ನಾಲ್ಕು ಸಲ ನೋಡಬೇಕು, ಜಗಳವಾಡಿದರೆ ಹೇಗಿರುತ್ತಾನೆ ಎಂದು ತಿಳಿಯಬೇಕು. ಅವನಿಗೂ ಹಾಗೆಯೇ ಹೇಳಿದೆ. “ಆಗಲಿ, ಜಗಳಕ್ಕ ಮುಂದಿನ ಭಾನುವಾರ ಬರ್ತೀನಿ,” ಎಂದ. ಆಗದೆ ಹೋದರೂ ನನಗೆ ಅಳು ಬರುವುದಿಲ್ಲ ಎಂದು ಬರೆಯಲಾರೆ, ಬರಬಹುದು. ಆದರೆ ಮೊದಲಿನ ಆ ಹೆದರಿಕೆ ಈಗ ಇಲ್ಲ. ಹುಡುಕಿದರೂ ಸಿಗುತ್ತಿಲ್ಲ.

ಮನೆಗೆ ಆಟೋದಲ್ಲಿ ಬಂದೆ. ಸಂಜೆಯ ಬಿಸಿಲು ಒಂದು ಬದಿಯಿಂದ ನೇರ ಮುಖಕ್ಕೆ ಹೊಡೆಯುತ್ತಿತ್ತು. ಡ್ರೈವರ್ ಕನ್ನಡಿಯಲ್ಲಿ ನೋಡಿ, “ಎಂಡ ಕೊಡ್ತುಂದಮ್ಮಾ, ಆ ಪಕ್ಕಕಿ ಜರಗಂಡಿ,” ಎಂದ. ಬಿಸಿಲು ಬಡಿಯುತ್ತದೆ, ಆ ಕಡೆ ಸರಿದು ಕೂಡಿ ಎಂದು.

ಪರವಾಗಿಲ್ಲ ಎಂದು ಹೇಳಿ, ಬಿಸಿಲಿನ ಕಡೆಯೇ ಕೂತು ಬಂದೆ.

ಲಹರಿ